2040ರ ಕೋಲಾರ ತೋರಿಸಿ ಫಿಲ್ಟರ್ ಮಾರುವ ಜಾಹೀರಾತು: ಮಾಡಲಾ, ಬೇಡ್ವಾ?

ಡೂಂಲೈಟ್ ಡಿಸೈನರ್, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ನನ್ನದು ಒಂದು ಸಣ್ಣ ಡಿಸೈನ್ ಅಂಗಡಿ. ಮೊದಲು ಗೋಡೆ ಬರೆಯುತ್ತಿದ್ದೆ. ಸಿಮೆಂಟು, ಗೊಬ್ಬರ, ಬನಿಯನ್ನು, ಟ್ಯೂಷನ್ನು, ಏನು ಸಿಕ್ಕರೆ ಅದು. ಆಮೇಲೆ ಫ್ಲೆಕ್ಸ್ ಬಂತು, ಬ್ರಷ್ ಅಟ್ಟ ಸೇರಿತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧ ಮಾಡಿತು. ಆ ನಿಷೇಧ ಹೇಗೆ ನಡೆಯುತ್ತಿದೆ ಅಂತ ಯಾವ ಸರ್ಕಲ್‌ನಲ್ಲಿ ತಲೆ ಎತ್ತಿದರೂ ಕಾಣುತ್ತದೆ, ಅದು ಬೇರೆ ಕಥೆ. ಈಗ ಹುಟ್ಟುಹಬ್ಬ, ಶ್ರದ್ಧಾಂಜಲಿ, ಗೃಹಪ್ರವೇಶದ ಜೊತೆಗೆ ಲೋಕಲ್ ಕೇಬಲ್ಲಿಗೆ, ವಾಟ್ಸ್‌ಆ್ಯಪ್‌ಗೆ ಚಿಕ್ಕ ವಿಡಿಯೊಗಳನ್ನೂ ಮಾಡಿಕೊಡುತ್ತೇನೆ.

ಈಗ ಒಬ್ಬ ಪಾರ್ಟಿ ಬಂದಿದ್ದಾನೆ. ಆರ್‌ಓ ಫಿಲ್ಟರ್ ಡೀಲರ್. ಹುಡುಗ ಒಳ್ಳೆಯವನು. ದುಡ್ಡು ಹೇಳಿದ ದಿನಕ್ಕೆ ಕೊಡುತ್ತಾನೆ, ನಮ್ಮ ಲೈನಿನಲ್ಲಿ ಅದಕ್ಕಿಂತ ದೊಡ್ಡ ಗುಣ ಇಲ್ಲ. ಅವನಿಗೆ 45 ಸೆಕೆಂಡಿನ ವಿಡಿಯೊ ಬೇಕು. ಕಥೆಯನ್ನೂ ಅವನೇ ಬರೆದು ತಂದಿದ್ದಾನೆ.

ಕಥೆ ಹೀಗಿದೆ. ವರ್ಷ 2040. ಕೋಲಾರದ ಮೇಲೆ ಕಂದು ಬಣ್ಣದ ಆಕಾಶ. ಕ್ಲಾಕ್ ಟವರ್ ಗಡಿಯಾರ ನಿಂತುಹೋಗಿದೆ. ಜನ ಎಲ್ಲರೂ ಒಂದೇ ಥರದ ಬೂದು ಬಟ್ಟೆ ಹಾಕಿಕೊಂಡು, ಖಾಲಿ ಕೊಡ ಹಿಡಿದು, ಉದ್ದಕ್ಕೆ ಕ್ಯೂ ನಿಂತಿದ್ದಾರೆ. ಮೈಕಿನಲ್ಲಿ ಒಂದು ಗಂಡು ಧ್ವನಿ "ತಲೆಗೆ ಒಂದು ಲೋಟ, ತಲೆಗೆ ಒಂದು ಲೋಟ" ಅಂತ ಕೂಗುತ್ತಿದೆ. ಅಂತರಗಂಗೆಯಲ್ಲಿ ಬಸವನ ಬಾಯಿಂದ ಒಂದು ಹನಿಯೂ ಬೀಳುತ್ತಿಲ್ಲ. ಮಗು ಕೇಳುತ್ತದೆ, "ತಾತ, ಬಾವಿ ಅಂದ್ರೆ ಏನು?" ತಾತ ಅಳುತ್ತಾನೆ. ಅಲ್ಲಿಗೆ ಕಟ್. ಬೆಳ್ಳಗಿನ ಅಡುಗೆಮನೆ, ನೀಲಿ ಲೈಟು ಹತ್ತಿರುವ ಫಿಲ್ಟರ್, ನಗುತ್ತಿರುವ ಹೆಂಗಸು. "ಆ ದಿನ ಬರೋ ಮುಂಚೆ ಇದನ್ನ ತನ್ನಿ."

ಇದು ಎಲ್ಲಿಂದ ಬಂತಪ್ಪ ಅಂತ ಕೇಳಿದೆ. ಫೋನ್ ತೆಗೆದು ಆ್ಯಪಲ್ ಕಂಪನಿಯ ಹಳೇ ಜಾಹೀರಾತು ತೋರಿಸಿದ. 1984ರ ಜನವರಿ 22ರಂದು ಅಮೆರಿಕದ ಸೂಪರ್ ಬೌಲ್ ಮ್ಯಾಚಿನ ನಡುವೆ ಬಂದಿದ್ದು. ನೀವೂ ನೋಡಿರಬಹುದು. ತಲೆ ಬೋಳಿಸಿಕೊಂಡ ಜನ ಬೂದು ಬಟ್ಟೆಯಲ್ಲಿ ಸಾಲಾಗಿ ಬಂದು ದೊಡ್ಡ ಪರದೆ ಮುಂದೆ ಕೂರುತ್ತಾರೆ. ಪರದೆ ತುಂಬಾ ಒಂದು ಮುಖ, ಭಾಷಣ ಬಿಗಿಯುತ್ತಿರುತ್ತದೆ. ಒಬ್ಬ ಹುಡುಗಿ ಓಡಿ ಬಂದು ಸುತ್ತಿಗೆ ಬೀಸಿ ಎಸೆಯುತ್ತಾಳೆ, ಪರದೆ ಸಿಡಿಯುತ್ತದೆ. ಎರಡು ದಿನ ಬಿಟ್ಟು ಮ್ಯಾಕಿಂಟಾಷ್ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. 1949ರಲ್ಲಿ ಹೊರಬಂದ ಜಾರ್ಜ್ ಆರ್ವೆಲ್ ಅವರ '1984' ಕಾದಂಬರಿಯ ಲೋಕವನ್ನೇ ಎತ್ತಿ ತಂದು ಮಾಡಿದ್ದು ಅದು. ನಮ್ಮ ಹುಡುಗನಿಗೆ ಕಾದಂಬರಿ ಗೊತ್ತಿಲ್ಲ, ಬೂದು ಬಟ್ಟೆ ಹಿಡಿಸಿಬಿಟ್ಟಿದೆ.

ಸರಿ ಅಂತ ಶೂಟಿಂಗ್ ಪಟ್ಟಿ ಬರೆಯಲು ಕೂತೆ. ಅಲ್ಲೇ ನನಗೆ ಕಸಿವಿಸಿ ಶುರುವಾಗಿದ್ದು. ನೀರಿಗೆ ಕ್ಯೂ ಬೇಕು: ನಮ್ಮ ಮನೆ ಹಿಂದಿನ ಬೀದಿಯ ಶುದ್ಧ ನೀರಿನ ಘಟಕದ ಮುಂದೆ ದಿನಾ ಬೆಳಗ್ಗೆ ಇದೆ. ಒಣಗಿದ ಬಾವಿ ಬೇಕು: ಯಾವ ಹಳ್ಳಿಗೆ ಹೋದರೂ ಒಂದಿದೆ, ಒಳಗೆ ಕಸ ತುಂಬಿರುತ್ತದೆ. ಟ್ಯಾಂಕರ್ ಹಿಂದೆ ಓಡುವ ಹೆಂಗಸರು: ಏಪ್ರಿಲ್ ಬಂದರೆ ಸಾಕು. 2040ಕ್ಕೆ ಅಂತ ಒಂದು ರೂಪಾಯಿಯ ಸೆಟ್ ಹಾಕೋದು ಬೇಡ. ಬೂದು ಬಟ್ಟೆ ಮಾತ್ರ ಬಾಡಿಗೆಗೆ ತರಬೇಕು. ಎಐನಲ್ಲಿ ಚಿತ್ರ ಮಾಡಿಸಿ ನೋಡಿದೆ, ಕ್ಯೂನಲ್ಲಿ ನಿಂತವರೆಲ್ಲ ಸೀರಿಯಲ್ ಹೀರೋಯಿನ್ ಥರ ಹಿತ್ತಾಳೆ ಕೊಡ ಹಿಡಿದುಕೊಂಡು ಬಂದರು. ನಮ್ಮ ಕೊಡಗಳು ಗಿಳಿ ಹಸಿರು, ಕಿತ್ತಳೆ, ನೇರಳೆ. ಎಂಥಾ ಕಷ್ಟದ ಕ್ಯೂ ಆದರೂ ದೂರದಿಂದ ನೋಡಿದರೆ ಜಾತ್ರೆ ಥರ ಕಾಣುತ್ತದೆ.

ಇನ್ನೊಂದು ಸಂಶಯ. ಊರಿನಲ್ಲಿ ನೀರೇ ಇಲ್ಲ ಅಂದ ಮೇಲೆ ಫಿಲ್ಟರ್‌ಗೆ ಏನು ಹಾಕುತ್ತಾರೆ? ಕೇಳಿದೆ. "ಅಣ್ಣ, ಅಷ್ಟೆಲ್ಲ ಯಾರೂ ಯೋಚ್ನೆ ಮಾಡಲ್ಲ" ಅಂದ.

ಹೋಗಲಿ, ಹೀಗೆ ಆಗಿದ್ದು ಯಾರಿಂದ ಅಂತ ಒಂದು ಸಾಲಾದರೂ ಇರಲಿ ಅಂದೆ. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಇದ್ದದ್ದು ಕೆರೆಗಳು. ಕೆರೆಯಲ್ಲಿ ಲೇಔಟ್ ಮಾಡಿದ್ದು ಯಾರು, ಬೋರ್‌ವೆಲ್ ಸಾವಿರ ಅಡಿ ದಾಟಿದ್ದು ಹೇಗೆ, ಅಷ್ಟು ನೀಲಗಿರಿ ನೆಟ್ಟಿದ್ದು ಯಾಕೆ? 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಪೈಪಿನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು. ಬತ್ತಿದ ಬೋರ್‌ವೆಲ್‌ನಲ್ಲಿ ನೀರು ಬಂತು ಅಂತ ಖುಷಿಪಟ್ಟವರೂ ಇದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಬಿಡಿ ಅಂತ ಹೋರಾಡಿದವರೂ ಇದ್ದಾರೆ. ಭಯಪಡಿಸಲೇಬೇಕು ಅಂದರೆ ಇದನ್ನೆಲ್ಲ ಮಾತಾಡಬೇಕು, ಅಲ್ವಾ? "ಅದು ರಾಜಕೀಯ ಆಗುತ್ತೆ ಅಣ್ಣ, ಬೇಡ" ಅಂದ.

ನನ್ನ ಪ್ರಶ್ನೆ ಇಷ್ಟೇ. ಇದು ಸಮಾಜದ ಬಗ್ಗೆ ಮಾತಾಡುವ ಜಾಹೀರಾತಾ, ಇಲ್ಲ ಹೆದರಿಸಿ ಮಾರುವ ಜಾಹೀರಾತಾ? ಎರಡಕ್ಕೂ ಗೆರೆ ಎಲ್ಲಿ? ಈ ಕೆಲಸ ಗೊತ್ತಿರುವವರು ಹೇಳಿ.

ಟೊಮೆಟೊ ಮಂಡಿ, ಕೋಲಾರ

ಅಣ್ಣ, ಅಡ್ವಾನ್ಸ್ ಬಂದಿದೆಯಾ? ಬಂದಿದ್ದರೆ ಮಾಡಿ. ನೀವು ಬಿಟ್ಟರೆ ಪಕ್ಕದ ಅಂಗಡಿಯವನು ಎಐನಲ್ಲಿ ಅರ್ಧ ಗಂಟೆಯಲ್ಲಿ ಮಾಡಿ ಕೊಡುತ್ತಾನೆ, ಹಿತ್ತಾಳೆ ಕೊಡದ ಸಮೇತ. ಕೋಲಾರದವರನ್ನು ಹೆದರಿಸಬೇಕು ಅಂದರೆ 2040 ಯಾಕೆ, ಮಂಡಿಯಲ್ಲಿ ಬಾಕ್ಸ್ ರೇಟ್ ಬಿದ್ದ ದಿನದ ಒಂದು ಫೋಟೊ ಹಾಕಿ ಸಾಕು.

ಪಾವಗಡ ಮೇಷ್ಟ್ರು, ತುಮಕೂರು ಜಿಲ್ಲೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಜಾಹೀರಾತಿನ ಶಾಸ್ತ್ರ ನನಗೆ ಗೊತ್ತಿಲ್ಲ. ಹೆದರಿಸಿ ಫಿಲ್ಟರ್ ಮಾರುವುದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ.

ನಮ್ಮ ಮನೆಗೆ ಒಬ್ಬ ಸೇಲ್ಸ್ ಹುಡುಗ ಬಂದಿದ್ದ. ಯಾವ ಕಂಪನಿ ಅಂತ ಹೇಳುವುದಿಲ್ಲ. ಎರಡು ಗ್ಲಾಸ್ ಇಟ್ಟ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಮೆಷಿನ್ ನೀರು. ಲೋಹದ ಕಡ್ಡಿಗಳಿರುವ ಒಂದು ಸಾಧನವನ್ನು ಎರಡಕ್ಕೂ ಇಳಿಸಿ ಕರೆಂಟ್ ಕೊಟ್ಟ. ನಮ್ಮ ನೀರು ಹಳದಿಯಾಯಿತು, ಕಂದಾಯಿತು, ಮೇಲೆ ಕಪ್ಪಗೆ ಕೆನೆ ಕಟ್ಟಿತು. ಅವನ ನೀರು ಹಾಗೇ ಇತ್ತು. "ಸರ್, ಇಷ್ಟು ದಿನ ನೀವು ಮಕ್ಕಳಿಗೆ ಕುಡಿಸಿದ್ದು ಇದನ್ನೇ" ಅಂದ. ನನ್ನ ಹೆಂಡತಿ ಮುಖ ನೋಡಬೇಕಿತ್ತು.

ನಡೆದದ್ದು ಇಷ್ಟು. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹರಿಯುವುದೂ ಕಡಿಮೆ, ಅದಕ್ಕೆ ಬಣ್ಣ ಬರುವುದಿಲ್ಲ. ಕೊಳಕು ನೀರಿನದಲ್ಲ, ಕಡ್ಡಿಯದು. ನಾನು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ಶುದ್ಧ ನೀರಿಗೆ ಹಾಕಿ, ಈಗ ಬಿಡಪ್ಪ ಅಂದೆ. ಅದೂ ಕಂದಾಯಿತು. ಪಾಪ, ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ ಅನ್ನಿಸುತ್ತದೆ. ಕಾಫಿ ಕುಡಿದು ಹೋದ.

ನಮ್ಮ ನೀರಿನ ನಿಜವಾದ ತೊಂದರೆ ಫ್ಲೋರೈಡ್. ಪಾವಗಡಕ್ಕೂ ಅದೇ, ಕೋಲಾರ, ಚಿಕ್ಕಬಳ್ಳಾಪುರಕ್ಕೂ ಅದೇ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದರೆ ಹೋಗುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುತ್ತದೆ. ಜಾಸ್ತಿಯಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ವರ್ಷಗಟ್ಟಲೆ ಕುಡಿದರೆ ಮೂಳೆ ಗಂಟು ಬಿಗಿದುಕೊಳ್ಳುತ್ತವೆ. ಸೇಲ್ಸ್‌ನವರು ಜೇಬಿನಿಂದ ತೆಗೆಯುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ಮಾತ್ರ ತೋರಿಸುತ್ತದೆ, ಅದಕ್ಕೆ ಫ್ಲೋರೈಡ್ ಬೇರೆ, ಉಪ್ಪು ಬೇರೆ ಅಂತ ಗೊತ್ತಾಗುವುದಿಲ್ಲ. ಆರ್‌ಓ ಮೆಷಿನ್ ಫ್ಲೋರೈಡ್ ತೆಗೆಯುತ್ತದೆ, ಅದು ನಿಜ. ಹಾಗಾಗಿ ನಿಮ್ಮ ಪಾರ್ಟಿ ಮಾರುವ ವಸ್ತು ಸುಳ್ಳಲ್ಲ. ಇರುವ ಅಪಾಯವನ್ನು ಬಿಟ್ಟು ಇಲ್ಲದ್ದನ್ನು ತೋರಿಸುತ್ತಾರೆ, ನನ್ನ ತಕರಾರು ಅದು.

ಇನ್ನೊಂದು ಮಾತು. ಮನೆಯ ಮೆಷಿನ್‌ನಲ್ಲಿ ಒಂದು ಲೀಟರ್ ಒಳ್ಳೆ ನೀರು ಬರುವಷ್ಟರಲ್ಲಿ ಎರಡು ಮೂರು ಲೀಟರ್ ಹೊರಗೆ ಹೋಗುವುದು ಸಾಮಾನ್ಯ. 2019ರಲ್ಲಿ ಹಸಿರು ನ್ಯಾಯಮಂಡಳಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಬೇಕು, ಮೆಷಿನ್‌ಗಳು 60 ಶೇಕಡಾಕ್ಕಿಂತ ಜಾಸ್ತಿ ನೀರು ಉಳಿಸಿಕೊಡಬೇಕು ಅಂತ ಹೇಳಿತು. ನೀರಿಲ್ಲದ 2040ರ ಊರಿಗೆ ನೀರು ಚೆಲ್ಲುವ ಮೆಷಿನ್ ಮಾರುತ್ತಿದ್ದೀರಿ. ಕಥೆಯಲ್ಲಿ ಆ ತಾತ ಅಳುವುದು ಸರಿಯಾಗಿಯೇ ಇದೆ.

ಚಿಂತಾಮಣಿಯವಳು, ಸದ್ಯಕ್ಕೆ ಬೆಂಗಳೂರು

ಹೊಟ್ಟೆಪಾಡಿಗೆ ಜಾಹೀರಾತು ಬರೆಯುವವಳು ನಾನು. ಮೇಷ್ಟ್ರೇ, ಉಪ್ಪಿನ ಕಥೆ ನಾನು ಕದಿಯುತ್ತೇನೆ, ಈಗಲೇ ಹೇಳಿಬಿಟ್ಟಿದ್ದೇನೆ.

ಡಿಸೈನರ್ ಅಣ್ಣ, ನಿಮ್ಮ ಪಾರ್ಟಿಗೆ 1984ರ ಜಾಹೀರಾತಿನ ಬಟ್ಟೆ ಕಂಡಿದೆ, ಲೆಕ್ಕಾಚಾರ ಕಂಡಿಲ್ಲ. ಅದನ್ನು ತೆಗೆದವರು ರಿಡ್ಲಿ ಸ್ಕಾಟ್. ಮಾಡಿಸಿದ ಏಜೆನ್ಸಿ ಚಯಾಟ್ ಡೇ. ಆ್ಯಪಲ್‌ನ ಆಡಳಿತ ಮಂಡಳಿಗೇ ಅದು ಹಿಡಿಸಿರಲಿಲ್ಲ. ಒಂದು ನಿಮಿಷದಲ್ಲಿ ಕಂಪ್ಯೂಟರನ್ನು ಒಮ್ಮೆಯೂ ತೋರಿಸುವುದಿಲ್ಲ, ಯೋಚನೆ ಮಾಡಿ. ಪರದೆ ಮೇಲಿನ ಮುಖ ಯಾರದು ಅಂತಲೂ ಹೇಳುವುದಿಲ್ಲ, ಆದರೆ ಐಬಿಎಂ ಅಂತ ನೋಡಿದವರೆಲ್ಲ ಅಂದುಕೊಂಡರು. ಸರ್ವಾಧಿಕಾರದ ವಿರುದ್ಧ ಎಸೆದ ಸುತ್ತಿಗೆ ಹೋಗಿ ಬಿದ್ದದ್ದು ಎದುರಾಳಿ ಕಂಪನಿಯ ಮೇಲೆ. ಅದು ಸಮಾಜ ವಿಮರ್ಶೆಯ ಬಟ್ಟೆ ಹಾಕಿಕೊಂಡ ಅಂಗಡಿ ಜಗಳ. ತುಂಬಾ ಚೆನ್ನಾಗಿ ಮಾಡಿದ ಅಂಗಡಿ ಜಗಳ, ಅದನ್ನೂ ಒಪ್ಪುತ್ತೇನೆ.

ಮುಂದಿನ ವರ್ಷ ಅದೇ ಕಂಪನಿ ಇನ್ನೊಂದು ಮಾಡಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಸೂಟುಬೂಟಿನವರು ಒಬ್ಬರ ಹಿಂದೆ ಒಬ್ಬರು ನಡೆದು ಬೆಟ್ಟದ ಅಂಚಿನಿಂದ ಬೀಳುತ್ತಾರೆ. ಕತ್ತಲೆ ಅಷ್ಟೇ ಇತ್ತು, ಆದರೆ ಮಕಾಡೆ ಬಿತ್ತು. ಯಾಕೆ? ಬೀಳುತ್ತಿದ್ದವರು ಆ ಕಂಪ್ಯೂಟರ್ ಕೊಳ್ಳಬೇಕಾದ ಆಫೀಸಿನವರೇ. ಗಿರಾಕಿಯನ್ನು ಕುರಿ ಅಂದರೆ ಗಿರಾಕಿ ಬರುತ್ತಾನಾ? 2024ರ ಮೇ ತಿಂಗಳಲ್ಲಿ ಐಪ್ಯಾಡ್‌ಗೆ ಮತ್ತೊಂದು ಬಂತು. ಪಿಯಾನೊ, ಗಿಟಾರು, ಬಣ್ಣದ ಡಬ್ಬಿ ಎಲ್ಲವನ್ನೂ ದೊಡ್ಡ ಪ್ರೆಸ್ ಮೆಷಿನ್ ಅಪ್ಪಚ್ಚಿ ಮಾಡುತ್ತದೆ, ಕೊನೆಗೆ ತೆಳ್ಳಗೆ ಐಪ್ಯಾಡ್ ಉಳಿಯುತ್ತದೆ. ಅವರಿಗೆ ಅದು ಸಂತೋಷದ ಜಾಹೀರಾತು. ನೋಡಿದ ಕಲಾವಿದರಿಗೆ ಹೊಟ್ಟೆ ಉರಿಯಿತು. ಕಂಪನಿ ಕ್ಷಮೆ ಕೇಳಿತು. 40 ವರ್ಷದಲ್ಲಿ ಸುತ್ತಿಗೆ ಹಿಡಿದವಳ ಕಡೆಯಿಂದ ಪ್ರೆಸ್ ಮೆಷಿನ್ ಕಡೆಗೆ ಬಂದಿದ್ದಾರೆ, ಅವರಿಗೇ ಗೊತ್ತಾಗಿಲ್ಲ.

ಗೆರೆ ಎಲ್ಲಿ ಅಂತ ಕೇಳಿದ್ದೀರಿ. ನಾನು ನೋಡುವುದು ಒಂದೇ: ಬಿಲ್ ಕೊಡುವವನ ಬುಡಕ್ಕೆ ಆ ಟೀಕೆ ಬರುತ್ತದಾ? ಯೂನಿಲಿವರ್ ಕಂಪನಿಯ ಸೋಪಿನ ಬ್ರ್ಯಾಂಡ್ ಡವ್ 2004ರಿಂದ ನಿಜವಾದ ಸೌಂದರ್ಯ ಅಂತ ಪ್ರಚಾರ ಮಾಡಿತು, ಎಲ್ಲ ಬಣ್ಣದ, ಎಲ್ಲ ಮೈಕಟ್ಟಿನ ಹೆಂಗಸರನ್ನು ತೋರಿಸಿತು. ಒಳ್ಳೆಯದೇ. ಅದೇ ಯೂನಿಲಿವರ್ ಮನೆಯಿಂದ ನಮ್ಮ ದೇಶದಲ್ಲಿ 1975ರಿಂದ ಫೇರ್ ಅಂಡ್ ಲವ್ಲಿ ಬರುತ್ತಿತ್ತು. ಕಪ್ಪಗಿದ್ದರೆ ಕೆಲಸ ಇಲ್ಲ, ಮದುವೆ ಇಲ್ಲ ಅನ್ನುವ ಲೋಕ ಅದು. ನಾನು ಬೆಳೆದದ್ದೇ ಆ ಲೋಕದಲ್ಲಿ, ನನಗೆ ಬೇರೆ 2040 ತೋರಿಸಬೇಕಾಗಿಲ್ಲ. 2020ರಲ್ಲಿ ಫೇರ್ ಹೋಗಿ ಗ್ಲೋ ಆಯಿತು. ಕ್ರೀಮ್ ಇದೆ.

ಹೆದರಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಥಿಯೇಟರ್‌ನಲ್ಲಿ ಪಿಕ್ಚರ್‌ಗೆ ಮುಂಚೆ ಈ ನಗರಕ್ಕೆ ಏನಾಗಿದೆ ಅಂತ ಶುರುವಾಗುವ ಧೂಮಪಾನ ವಿರೋಧಿ ಜಾಹೀರಾತು ಇತ್ತಲ್ಲ, ಅದೂ ಹೊಗೆ, ಬೂದಿ, ಸಾವು. ಎಲ್ಲರೂ ಗೇಲಿ ಮಾಡಿದರು. ಆದರೆ ಅದು ಏನೂ ಮಾರುತ್ತಿರಲಿಲ್ಲ, ಬಿಡು ಅನ್ನುತ್ತಿತ್ತು. ನಿಮ್ಮ ಪಾರ್ಟಿಯ ಕಥೆಯಲ್ಲಿ ಊರು ಹಾಳಾಗುತ್ತದೆ, ಹಾಳು ಮಾಡಿದವನು ಇಲ್ಲ. ಹಾಗಾಗಿ ಮನೆ ಬಾಗಿಲು ಹಾಕಿಕೊಂಡು ಒಂದು ಪೆಟ್ಟಿಗೆ ತಗೊಳ್ಳುವುದು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ಕೆರೆ, ಲೇಔಟು, ಕೆ.ಸಿ. ವ್ಯಾಲಿ ಬೇಡ ಅಂದನಲ್ಲ, ಅವನು ದಡ್ಡ ಅಲ್ಲ.

ಕಾನೂನಿನ ಮಾತು ಒಂದು. ಗಿರಾಕಿಯ ತಿಳಿವಳಿಕೆ ಕಡಿಮೆ ಇರುವುದನ್ನು ದುರುಪಯೋಗ ಮಾಡಿಕೊಳ್ಳಬಾರದು ಅಂತ ಜಾಹೀರಾತು ಮಾನದಂಡ ಮಂಡಳಿಯ ಸಂಹಿತೆಯಲ್ಲೇ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2040ರ ಕನಸಿಗೆ ಯಾರೂ ದಂಡ ಹಾಕುವುದಿಲ್ಲ. ಕಂದು ನೀರಿನ ಆಟವನ್ನು ವಿಡಿಯೊದಲ್ಲಿ ಹಾಕಿದರೆ ಯೋಚಿಸಬೇಕು.

ಡೂಂಲೈಟ್ ಡಿಸೈನರ್, ಕೋಲಾರ

ಮಂಡಿ ಸಾಹೇಬರೇ, ಅಡ್ವಾನ್ಸ್ ಬಂದಿದೆ. ಅದೇ ಕಷ್ಟ.

ಮೇಡಂ, ನೀವು ಹೇಳಿದ್ದನ್ನು ಅವನಿಗೆ ಓದಿ ಹೇಳಿದೆ. "ನಾನು ಫಿಲ್ಟರ್ ಮಾರೋನು, ಡಿಸಿ ಅಲ್ಲ" ಅಂದ. ಅದೂ ನ್ಯಾಯವೇ. ಕ್ಯೂ ಸೀನಿಗೆ ಆ ಘಟಕದ ಹತ್ತಿರ ನಿಲ್ಲುವ ಹೆಂಗಸರನ್ನೇ ಕರೆಸೋಣ, ತಲೆಗೆ ಮುನ್ನೂರು ಕೊಡೋಣ, ಬೂದು ಸೀರೆ ನಾನು ತರಿಸುತ್ತೇನೆ ಅನ್ನುತ್ತಿದ್ದಾನೆ.

ಜನರಲ್ ಶಿಫ್ಟ್, ನರಸಾಪುರ

ಆ ಬೂದು ಸೀರೆ ವಿಷಯ ಓದಿ ಬರೆಯುತ್ತಿದ್ದೇನೆ. ಇಲ್ಲಿ ನಾನು ಸಾಮಾನ್ಯವಾಗಿ ಓದುವವಳು ಮಾತ್ರ.

ನಾನು ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುತ್ತೇನೆ. ಊರು ಶ್ರೀನಿವಾಸಪುರದ ಕಡೆ. ಕೋಲಾರದಲ್ಲಿ ರೂಮು, ನಾಲ್ಕು ಜನ ಹುಡುಗಿಯರು. ಮೇಡಂ ಹೇಳಿದ 1984ರ ಸುತ್ತಿಗೆ ಜಾಹೀರಾತನ್ನು ಕಂಪನಿ ಬಸ್ಸಿನಲ್ಲಿ ಕೂತು ನೋಡಿದೆ. ಸಾಲಾಗಿ ನಡೆಯುವವರನ್ನು ನೋಡಿ ನನಗೆ ಭಯ ಆಗಲಿಲ್ಲ. ನಾವೂ ಬೆಳಗ್ಗೆ ಹಾಗೇ ಹೋಗುವುದು. ಒಂದೇ ಕೋಟು, ಒಂದೇ ಟೋಪಿ, ಕೊರಳಿಗೆ ಐಡಿ. ಫೋನ್ ಲಾಕರ್‌ನಲ್ಲಿ ಇಟ್ಟು ಒಳಗೆ ಹೋಗಬೇಕು. ನನಗೆ ಬೇಜಾರಿಲ್ಲ. ಆ ಸಂಬಳದಲ್ಲಿ ತಮ್ಮನ ಡಿಪ್ಲೊಮಾ ಮುಗಿಯಿತು.

ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಹೇಳುತ್ತೇನೆ. ಆ ಜಾಹೀರಾತು ಮಾಡಿಸಿದ ಕಂಪನಿಯ ಫೋನುಗಳು ಇಲ್ಲೇ ನರಸಾಪುರದಲ್ಲಿ ತಯಾರಾಗುತ್ತವೆ. ಆ ಫ್ಯಾಕ್ಟರಿ ಮೊದಲು ವಿಸ್ಟ್ರಾನ್ ಅನ್ನುವ ಕಂಪನಿಯದು, 2023ರಲ್ಲಿ ಟಾಟಾದವರು ತಗೊಂಡರು. 2020ರ ಡಿಸೆಂಬರ್ 12ರ ಬೆಳಗ್ಗೆ ಸಂಬಳದ ವಿಷಯಕ್ಕೆ ಅಲ್ಲಿ ಗಲಾಟೆಯಾಗಿ ಗಾಜು, ಮೆಷಿನ್, ಗಾಡಿಗಳನ್ನು ಒಡೆದರು. ಎಲ್ಲ ಟಿವಿಯಲ್ಲೂ ಬಂತು. ನೂರಕ್ಕೂ ಜಾಸ್ತಿ ಜನರನ್ನು ಪೊಲೀಸರು ಹಿಡಿದರು. ಆಮೇಲೆ ಕೆಲವರಿಗೆ ಸಂಬಳ ಸರಿಯಾಗಿ ಹೋಗಿರಲಿಲ್ಲ ಅಂತ ವಿಸ್ಟ್ರಾನ್‌ನವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಅದು ಸರಿಯಾಗುವವರೆಗೆ ಹೊಸ ಆರ್ಡರ್ ಇಲ್ಲ ಅಂತ ಆ್ಯಪಲ್‌ನವರು ಹೇಳಿದರು. ಒಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಜಾಹೀರಾತಿನಲ್ಲಿ ಸುತ್ತಿಗೆ ಎಸೆದವಳಿಗೆ 40 ವರ್ಷದಿಂದ ಚಪ್ಪಾಳೆ. ಇಲ್ಲಿಯವರಿಗೆ ಎಫ್‌ಐಆರ್. ಬಸ್ಸಿನಲ್ಲಿ ಅದನ್ನು ನೋಡುತ್ತಾ ನಗು ಬಂತು.

ಈಗ ನಿಮ್ಮ ಫಿಲ್ಟರ್. ನಮ್ಮ ರೂಮಿಗೆ ಫಿಲ್ಟರ್ ಹಾಕಿಸಲು ಆಗುವುದಿಲ್ಲ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆದರೆ ಓನರ್ ಆಂಟಿ ಬೈಯುತ್ತಾರೆ. 5 ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ಹಿಡಿದು ಬರುತ್ತೇವೆ. ಘಟಕ ಕೆಟ್ಟರೆ ಇನ್ನೊಂದು ಬೀದಿಗೆ ಹೋಗುತ್ತೇವೆ. ಅಂದರೆ ನಿಮ್ಮ ವಿಡಿಯೊದಲ್ಲಿ ಬೂದು ಬಟ್ಟೆ ಹಾಕಿ ನಿಲ್ಲಿಸುವುದು ನಮ್ಮನ್ನು. ಫಿಲ್ಟರ್ ಮಾರುವುದು ಸ್ವಂತ ಮನೆ ಇರುವವರಿಗೆ. ನಮ್ಮ ಥರ ಆಗಬಾರದು ಅಂತ ಅವರು ಹೆದರಬೇಕು, ಅಷ್ಟೇ ಅಲ್ವಾ ಅಣ್ಣ? ನಮ್ಮನ್ನು ಹೊಲದ ಬೆದರುಬೊಂಬೆ ಮಾಡಿ, ತಲೆಗೆ ಮುನ್ನೂರು ಬೇರೆ ಕೊಡುತ್ತೀರಿ.

ಆ ಕ್ಯೂನಲ್ಲಿ ಯಾರೂ ಅಳುತ್ತಾ ನಿಂತಿರುವುದಿಲ್ಲ. ಒಬ್ಬರ ಕ್ಯಾನ್ ಇನ್ನೊಬ್ಬರು ಗಾಡಿಗೆ ಎತ್ತಿ ಕೊಡುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ಕಾಯಿನ್ ಸಾಲ ಕೊಡುತ್ತಾರೆ. ನನ್ನ ರೂಮ್‌ಮೇಟ್‌ಗೆ ಗಂಡು ಗೊತ್ತಾಗಿದ್ದೇ ಅಲ್ಲಿ ನಿಂತಾಗ.

ಚಿಂತಾಮಣಿಯವಳು, ಸದ್ಯಕ್ಕೆ ಬೆಂಗಳೂರು

ನನ್ನ ಇಷ್ಟುದ್ದ ಭಾಷಣ ಇವರ ಒಂದು ಪ್ಯಾರಾಕ್ಕೆ ಸಮ ಇಲ್ಲ. ಡಿಸೈನರ್ ಅಣ್ಣ, ಇದನ್ನೇ ಪ್ರಿಂಟ್ ತೆಗೆದು ಪಾರ್ಟಿ ಕೈಗೆ ಕೊಡಿ.

ಡೂಂಲೈಟ್ ಡಿಸೈನರ್, ಕೋಲಾರ

ಕೊಟ್ಟೆ. ಅಂಗಡಿಯಲ್ಲೇ ಕೂತು ಓದಿದ. ನಾನು ಬೇಜಾರಾಗುತ್ತಾನೆ ಅಂದುಕೊಂಡಿದ್ದೆ. "ಆ ಹುಡುಗಿ ಹೇಳಿದ್ದು ಕರೆಕ್ಟು ಅಣ್ಣ. ಅದಕ್ಕೇ ಈ ಐಡಿಯಾ ವರ್ಕ್ ಆಗೋದು" ಅಂದ! ಕೋಪ ಮಾಡಿಕೊಳ್ಳಬೇಕೋ ಮೆಚ್ಚಬೇಕೋ ಗೊತ್ತಾಗಲಿಲ್ಲ. ನಾನು ಒಂದೇ ಮಾತು ಹೇಳಿದೆ. ಕ್ಯೂ ಸೀನ್ ನಾನು ತೆಗೆಯುವುದಿಲ್ಲ. ಬೇಕಿದ್ದರೆ ಅಡ್ವಾನ್ಸ್ ವಾಪಸ್.

ಅವನು ಟೀ ತರಿಸಿದ. ಆಮೇಲೆ ಫೋನ್ ಎತ್ತಿಕೊಂಡು ಮೇಷ್ಟ್ರ ಉಪ್ಪಿನ ಕಥೆಯನ್ನು ಇನ್ನೊಂದು ಸಲ ಓದಿದ. ಮುಖ ಅರಳಿತು. ಮಾರುಕಟ್ಟೆಯಲ್ಲಿ ಇವನ ಎದುರಾಳಿ ಹುಡುಗರು ಮನೆಮನೆಗೆ ಹೋಗಿ ಮಾಡುವುದು ಅದೇ ಕಂದು ನೀರಿನ ಆಟವಂತೆ. ಈಗ ಹೊಸ ಕಥೆ ಬರೆದಿದ್ದೇವೆ. ಬೂದು ಬಟ್ಟೆ ಇಲ್ಲ, 2040 ಇಲ್ಲ. ಒಂದು ಅಡುಗೆಮನೆ, ಎರಡು ಗ್ಲಾಸು, ಒಬ್ಬ ಸೇಲ್ಸ್ ಹುಡುಗ, ಒಬ್ಬ ಅಜ್ಜಿ. ಹುಡುಗ ಹೆದರಿಸುತ್ತಾನೆ. ಅಜ್ಜಿ ಎದ್ದು ಹೋಗಿ ಉಪ್ಪಿನ ಡಬ್ಬಿ ತರುತ್ತಾಳೆ. ಮೇಡಂ, ಇದೂ ಎದುರಾಳಿ ಮೇಲೆ ಎಸೆದ ಸುತ್ತಿಗೆಯೇ, ನನಗೆ ಗೊತ್ತು. ಆದರೆ ಇದರಲ್ಲಿ ಯಾರನ್ನೂ ಬಾಡಿಗೆಗೆ ನಿಲ್ಲಿಸುತ್ತಿಲ್ಲ.

ಒಂದು ಕಡೆ ಮಾತ್ರ ಜಗಳ ಮುಗಿದಿಲ್ಲ. ಕೊನೆಯಲ್ಲಿ "ಮೊದಲು ನೀರು ಟೆಸ್ಟ್ ಮಾಡಿಸಿ, ಬೇಕಾದರೆ ಮಾತ್ರ ಫಿಲ್ಟರ್ ತಗೊಳ್ಳಿ" ಅಂತ ಹಾಕಬೇಕು ಅಂದೆ. ಟೆಸ್ಟ್ ಇರಲಿ, "ಬೇಕಾದರೆ ಮಾತ್ರ" ಬೇಡ ಅನ್ನುತ್ತಾನೆ. ಟೆಸ್ಟನ್ನೂ ತಾನೇ ಟಿಡಿಎಸ್ ಮೀಟರ್ ತಂದು ಫ್ರೀಯಾಗಿ ಮಾಡುತ್ತಾನಂತೆ. ಫ್ಲೋರೈಡ್ ಅದರಲ್ಲಿ ಗೊತ್ತಾಗಲ್ಲ ಅಂತ ಮೇಷ್ಟ್ರು ಹೇಳಿದ್ದಾರಲ್ಲ ಅಂದರೆ, ಮತ್ತೆ ಎಲ್ಲಿ ಮಾಡಿಸಬೇಕು ಅಂತ ಅವರನ್ನೇ ಕೇಳಿ ಅಂದ. ಮೇಷ್ಟ್ರೇ, ಹೇಳಿ. ಜೊತೆಗೆ ಆ ಗ್ಲಾಸಿನ ಪ್ರಯೋಗ ಕ್ಯಾಮೆರಾ ಮುಂದೆ ಮಾಡಬಹುದಾ? ಅಜ್ಜಿ ಪಾತ್ರಕ್ಕೆ ನಮ್ಮ ದೊಡ್ಡಮ್ಮನನ್ನು ಒಪ್ಪಿಸಿದ್ದೇನೆ, ಅವರಿಗೆ ಕರೆಂಟ್ ಹೊಡೆಯಬಾರದು.

ಪಾವಗಡ ಮೇಷ್ಟ್ರು, ತುಮಕೂರು ಜಿಲ್ಲೆ

ದೊಡ್ಡಮ್ಮನವರಿಗೆ ಮನೆ ಕರೆಂಟಿನ ಸಾಧನ ಕೊಡಲೇಬೇಡಿ. ಎರಡು ಕಬ್ಬಿಣದ ಮೊಳೆ, ಒಂದು 9 ವೋಲ್ಟ್ ಬ್ಯಾಟರಿ, ಎರಡು ತುಂಡು ವೈರ್ ಸಾಕು. ನಿಧಾನವಾಗಿ ಬಣ್ಣ ಬಿಡುತ್ತದೆ, ಹತ್ತು ನಿಮಿಷ ತೆಗೆದು ವಿಡಿಯೊದಲ್ಲಿ ಓಡಿಸಿ. ಮೊಳೆ ಹೊಸದಿರಲಿ, ಬಣ್ಣ ಬಳಿದದ್ದು ಬೇಡ. ಒಂದಕ್ಕೊಂದು ತಾಗಬಾರದು. ಪ್ರಯೋಗದ ನೀರನ್ನು ಚೆಲ್ಲಿಬಿಡಿ, ಯಾರೂ ಕುಡಿಯುವುದು ಬೇಡ.

ಫ್ಲೋರೈಡ್ ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್ ಜಿಲ್ಲಾ ಕೇಂದ್ರದಲ್ಲಿದೆ. ಹಳ್ಳಿಯವರಾದರೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳಲಿ, ಜಲಜೀವನ್ ಮಿಷನ್‌ನಲ್ಲಿ ಪರೀಕ್ಷೆ ಕಿಟ್ ಕೊಟ್ಟಿರುತ್ತಾರೆ. ನೀರನ್ನು ಗಾಜಿನ ಬಾಟಲಿಯಲ್ಲಿ ಒಯ್ಯಬೇಡಿ, ಫ್ಲೋರೈಡ್‌ಗೂ ಗಾಜಿಗೂ ಆಗಿಬರುವುದಿಲ್ಲ. ಚೆನ್ನಾಗಿ ತೊಳೆದ ಪ್ಲಾಸ್ಟಿಕ್ ಬಾಟಲಿ, ಒಂದು ಲೀಟರ್. ಬೋರ್ ಐದು ನಿಮಿಷ ಓಡಿಸಿದ ಮೇಲೆ ಹಿಡಿಯಿರಿ. ಬಾಟಲಿ ಮೇಲೆ ಊರು, ಬೋರ್ ಎಲ್ಲಿಯದು, ತಾರೀಕು ಬರೆಯಿರಿ. ಇಷ್ಟನ್ನು ವಿಡಿಯೊದ ಕೊನೆಗೆ ಹಾಕಲು ನಿಮ್ಮ ಪಾರ್ಟಿ ಒಪ್ಪದಿದ್ದರೆ, ಅಂಗಡಿ ಗೋಡೆ ಮೇಲೆ ನೀವೇ ಬರೆದುಬಿಡಿ. ಬ್ರಷ್ ಅಟ್ಟದಲ್ಲಿದೆ ಅಂದಿರಲ್ಲ.